ಓದದ ಹುಡುಗರ ಜೊತೆ ಪುಸ್ತಕ ಹುಡುಕಿದ್ದು

ನಮ್ಮ ಶಾಲೆಯಲ್ಲಿ ಲೈಬ್ರರಿ ಅಂದರೆ ಸ್ಟಾಫ್ ರೂಮಿನ ಗೋಡೆಗೆ ಒರಗಿಸಿಟ್ಟ ಎರಡು ಕಬ್ಬಿಣದ ಬೀರು. ಬೀಗದ ಕೈ ಕನ್ನಡ ಮೇಷ್ಟ್ರ ಹತ್ತಿರ, ಅಂದರೆ ನನ್ನ ಹತ್ತಿರ. ಚಿತ್ರದುರ್ಗದ ಪೇಟೆಯಿಂದ ಸ್ವಲ್ಪ ಹೊರಗಿರುವ ಹೈಸ್ಕೂಲು ನಮ್ಮದು. ಎಂಟು, ಒಂಬತ್ತು, ಹತ್ತು, ಮೂರೂ ಕನ್ನಡ ಮೀಡಿಯಂ. ವಾರಕ್ಕೊಂದು ಲೈಬ್ರರಿ ಪೀರಿಯಡ್ ಟೈಮ್‌ಟೇಬಲ್‌ನಲ್ಲಿ ಇದೆ. ಹೆಚ್ಚಿನ ವಾರ ಗಣಿತದವರು ಅದನ್ನು ಕೇಳಿ ತೆಗೆದುಕೊಳ್ಳುತ್ತಾರೆ, ಪೋರ್ಷನ್ ಮುಗಿದಿಲ್ಲ ಅಂತ. ಮಕ್ಕಳೂ ಬೇಜಾರು ಮಾಡಿಕೊಳ್ಳುವುದಿಲ್ಲ. ಬೀರು ತೆಗೆದರೆ ಏನು ಸಿಗುತ್ತೆ ಅಂತ ಅವರಿಗೆ ಗೊತ್ತು. ಮಹಾಪುರುಷರ ಜೀವನಚರಿತ್ರೆ, ನೀತಿಕಥೆ, ಗಾದೆ ಸಂಗ್ರಹ, ಪ್ರಬಂಧ ಮಾಲೆ, ಯಾವುದೋ ಯೋಜನೆಯಲ್ಲಿ ಮೂಟೆ ಕಟ್ಟಿ ಬಂದ ಕವನ ಸಂಕಲನಗಳು.

ನಮ್ಮಲ್ಲೇ ಓದಿ ಈಗ ಕೆಲಸದಲ್ಲಿರುವ ಕೆಲವರು ಸೇರಿ ಪುಸ್ತಕಕ್ಕೆ ಅಂತ ಸ್ವಲ್ಪ ದುಡ್ಡು ಕೊಟ್ಟರು. “ಮಕ್ಕಳು ಓದೋ ಪುಸ್ತಕ ತಗೊಳ್ಳಿ ಸಾರ್, ಬೀರಿನಲ್ಲಿ ಇಡೋ ಪುಸ್ತಕ ಬೇಡ” ಅಂದರು. ಹೇಳುವುದು ಸುಲಭ. ಒಂಬತ್ತನೇ ಕ್ಲಾಸಿಗೆ ಹೋಗಿ “ಪಾಠದ ಪುಸ್ತಕ ಬಿಟ್ಟು ಬೇರೆ ಏನೂ ಓದದವರು ಯಾರ್ಯಾರು?” ಅಂತ ಕೇಳಿದೆ. ಅರ್ಧಕ್ಕಿಂತ ಜಾಸ್ತಿ ಕೈ ಮೇಲೆದ್ದವು. ನಾಚಿಕೆ ಇರಲಿಲ್ಲ, ಒಂಥರಾ ಹೆಮ್ಮೆಯೇ ಇತ್ತು. ಹಾಗೆ ಕೈ ಎತ್ತಿದವರಿಗೇ ಪುಸ್ತಕ ಆರಿಸುವ ಕೆಲಸ ಕೊಡೋಣ ಅನ್ನಿಸಿತು. ಓದುವ ಮಕ್ಕಳಿಗೆ ಯಾವ ಪುಸ್ತಕವಾದರೂ ನಡೆಯುತ್ತೆ, ಕಡಲೆಕಾಯಿ ಕಟ್ಟಿಕೊಟ್ಟ ಪೇಪರನ್ನೂ ಬಿಡದೆ ಓದುತ್ತಾರೆ. ಅವರನ್ನು ಕೇಳಿ ಲಿಸ್ಟ್ ಮಾಡಿದರೆ ಇನ್ನೊಂದು ಬೀರು ತುಂಬುತ್ತೆ, ಅಷ್ಟೇ.

ಆದರೆ “ನಿಮಗೆ ಎಂಥ ಪುಸ್ತಕ ಇಷ್ಟ?” ಅಂತ ಓದದವರನ್ನು ಕೇಳಿದರೆ ಅವರು ಏನು ಹೇಳಬೇಕು? ನಾನು ಕೇಳಿದ್ದು ಬೇರೆ. ಈ ವಾರ ನೀವು ಯಾರ ಹತ್ತಿರವಾದರೂ ಹೇಳಿಕೊಂಡ ಸುದ್ದಿ ಯಾವುದು? ಚೀಟಿಯಲ್ಲಿ ಬರೆದು ಕೊಡಿ, ಹೆಸರು ಹಾಕಬೇಡಿ. ಚೀಟಿಗಳು ಮಜವಾಗಿದ್ದವು. ಜೋಗಿಮಟ್ಟಿ ಕಡೆಯಿಂದ ಕರಡಿ ಇಳಿದು ಬಂದದ್ದು. ಕಬಡ್ಡಿ ಮ್ಯಾಚಿನ ಜಗಳ. ನಿಧಿ ಆಸೆಗೆ ಹಳೇ ಗುಡಿ ಹಿಂದೆ ಗುಂಡಿ ತೋಡಿದವರು. ಹಾಳುಬಿದ್ದ ಬಂಗಲೆಯ ದೆವ್ವ. ಜೆಸಿಬಿ ಓಡಿಸುವ ಮಾವ. ಆಗ 2024ರ ಜೂನ್ ಕೊನೆ. ನಮ್ಮ ಜಿಲ್ಲೆಯ ಚಳ್ಳಕೆರೆ ತಾಲ್ಲೂಕಿನಲ್ಲಿರುವ ಪರೀಕ್ಷಾ ನೆಲೆಯಲ್ಲಿ ಇಸ್ರೋದವರು ‘ಪುಷ್ಪಕ್’ ಅನ್ನುವ ರೆಕ್ಕೆಯ ಮರುಬಳಕೆ ರಾಕೆಟ್ ಮಾದರಿಯನ್ನು ಮೂರನೇ ಸಲ ಇಳಿಸಿದ್ದರು. ಹೆಲಿಕಾಪ್ಟರ್ ಅದನ್ನು ನಾಲ್ಕೂವರೆ ಕಿಲೋಮೀಟರ್ ಎತ್ತರಕ್ಕೆ ಒಯ್ದು ಬಿಡುತ್ತೆ, ಅದು ತಾನೇ ದಾರಿ ಹುಡುಕಿಕೊಂಡು ರನ್‌ವೇ ಮೇಲೆ ಇಳಿಯುತ್ತೆ. ಅದರ ಬಗ್ಗೆಯೂ ಚೀಟಿ ಇತ್ತು. ಇನ್ನೊಂದು ಚೀಟಿಯಲ್ಲಿ ಹುಡುಗಿಯೊಬ್ಬಳ ದುಂಡನೆಯ ಅಕ್ಷರ: “ನಾನು ಓದುವ ಸ್ಟೋರಿಯಲ್ಲಿ ಹೀರೋಯಿನ್ ಮನೆ ಬಿಟ್ಟು ಹೋದಳು.”

ಓದುವ ಸ್ಟೋರಿ! ವಿಚಾರಿಸಿದರೆ ‘ಪ್ರತಿಲಿಪಿ’ ಅನ್ನುವ ಕಥೆಗಳ ಆ್ಯಪ್‌ನಲ್ಲಿ ಬರುವ ಧಾರಾವಾಹಿ. ಅಮ್ಮನ ಫೋನಿನಲ್ಲಿ ಎಷ್ಟೋ ಕಂತು ಓದಿ ಮುಗಿಸಿದ್ದಾಳೆ. ಅವಳೂ “ಓದಲ್ಲ” ಅಂತ ಕೈ ಎತ್ತಿದ್ದಳು. ಯಾಕಮ್ಮ ಅಂದರೆ, “ಅದು ಪುಸ್ತಕ ಅಲ್ವಲ್ಲ ಸಾರ್.” ಶಾಲೆಯಲ್ಲಿ ಕೊಡುವುದು ಮಾತ್ರ ಓದು, ತಾನಾಗಿ ಇಷ್ಟಪಟ್ಟು ಓದಿದ್ದು ಲೆಕ್ಕಕ್ಕಿಲ್ಲ ಅಂತ ಇವರಿಗೆ ನಾವೇ ಕಲಿಸಿಬಿಟ್ಟಿದ್ದೇವೆ.

ಈ ಚೀಟಿಗಳಿಗೆ ಪುಸ್ತಕ ಹುಡುಕಲು ಕೂತಾಗ ನಿಜವಾದ ತೊಂದರೆ ಗೊತ್ತಾಯಿತು. ಕನ್ನಡದಲ್ಲಿ ಚಿಕ್ಕ ಮಕ್ಕಳಿಗೆ ಬಣ್ಣದ ಪುಸ್ತಕಗಳಿವೆ, ದೊಡ್ಡವರಿಗೆ ಕಾದಂಬರಿಗಳಿವೆ. ಹದಿನಾಲ್ಕು ಹದಿನೈದು ವರ್ಷದವರಿಗೆ ಅಂತಲೇ ಬರೆದದ್ದು ಕಡಿಮೆ. ‘ಮಕ್ಕಳ ಸಾಹಿತ್ಯ’ ಅಂತ ಬೋರ್ಡ್ ಹಾಕಿದ ಕಪಾಟಿನಿಂದ ಅವರಿಗೆ ಪುಸ್ತಕ ತಂದುಕೊಟ್ಟರೆ ಅದು ಅವಮಾನ. ಮೀಸೆ ಚಿಗುರುತ್ತಿರುವ ಹುಡುಗನ ಕೈಗೆ ಮೊಲ ಆಮೆ ಕೊಡೋಕೆ ಆಗುತ್ತಾ? ಹಾಗಾಗಿ ದೊಡ್ಡವರ ಕಪಾಟಿನಲ್ಲೇ ಹುಡುಕಬೇಕು. ತೆಳ್ಳಗಿರಬೇಕು. ಮಾತಾಡಿದ ಹಾಗೆ ಬರೆದಿರಬೇಕು. ಎರಡನೇ ಪುಟದೊಳಗೆ ಏನಾದರೂ ನಡೆದಿರಬೇಕು. ಪ್ರಕೃತಿ ವರ್ಣನೆಯಿಂದ ಶುರುವಾದರೆ ಕಥೆ ಮುಗಿಯಿತು ಅಂತಲೇ ಲೆಕ್ಕ.

ಕೊಳ್ಳುವ ಮೊದಲು ಪರೀಕ್ಷೆ ಮಾಡೋಣ ಅಂತ ಮನೆಯ ಪುಸ್ತಕಗಳನ್ನು ತಂದು ಲೈಬ್ರರಿ ಪೀರಿಯಡ್‌ನಲ್ಲಿ ನಾನೇ ಜೋರಾಗಿ ಓದತೊಡಗಿದೆ. ಗಣಿತದವರ ಕೈಕಾಲು ಹಿಡಿದು ಪೀರಿಯಡ್ ಉಳಿಸಿಕೊಂಡೆ. ಕರಡಿಯ ಚೀಟಿಗೆ ಉತ್ತರ ಸುಲಭವಾಗಿತ್ತು. ಕೆನೆತ್ ಆಂಡರ್ಸನ್ ಬರೆದ ಬೇಟೆಯ ಅನುಭವಗಳನ್ನು ಪೂರ್ಣಚಂದ್ರ ತೇಜಸ್ವಿ ಕನ್ನಡಕ್ಕೆ ತಂದ ‘ಕಾಡಿನ ಕತೆಗಳು’. ಒಂದೊಂದು ಕಥೆಯೂ ಬೇರೆ ಬೇರೆ. ಒಂದು ಓದಿ ಬಿಟ್ಟರೂ ನಷ್ಟ ಇಲ್ಲ. ನರಭಕ್ಷಕ ಹುಲಿ ಎಲ್ಲಿಂದ ಹಾರುತ್ತೋ ಗೊತ್ತಿಲ್ಲ, ಮರದ ಮೇಲೆ ಒಬ್ಬ ಕಾದು ಕೂತಿದ್ದಾನೆ, ಕತ್ತಲಾಗುತ್ತಿದೆ. ಅಷ್ಟಕ್ಕೆ ನಿಲ್ಲಿಸಿ ಪುಸ್ತಕ ಮುಚ್ಚುತ್ತಿದ್ದೆ. ಬೆಲ್ ಹೊಡೆಯುವ ಮೊದಲೇ ಮುಚ್ಚುತ್ತಿದ್ದೆ, ಬೇಕು ಅಂತಲೇ. ಹಿಂದಿನ ಬೆಂಚಿನಿಂದ ಕೂಗು ಬರುತ್ತಿತ್ತು, “ಅನ್ಯಾಯ ಸಾರ್ ಇದು!” ಪುಸ್ತಕವನ್ನು ಮೇಜಿನ ಮೇಲೆ ಮರೆತವನ ಹಾಗೆ ಬಿಟ್ಟು ಹೋಗುತ್ತಿದ್ದೆ. ಮಧ್ಯಾಹ್ನ ಬಂದು ನೋಡಿದರೆ ಅದು ಬೇರೆ ಜಾಗದಲ್ಲಿ ಇರುತ್ತಿತ್ತು.

ಒಂದು ಹುಡುಗಿ ಮಾತ್ರ ಕೇಳಿದಳು, “ಹುಲಿ ಕೊಂದಿದ್ದಕ್ಕೆ ಇವರ ಮೇಲೆ ಕೇಸ್ ಆಗಲಿಲ್ವಾ?” ಆಂಡರ್ಸನ್ 1974ರಲ್ಲಿ ತೀರಿಕೊಂಡವರು. ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದದ್ದು 1972ರಲ್ಲಿ, ಈ ಬೇಟೆಗಳು ಅದಕ್ಕೂ ಹಿಂದಿನವು. ಆ ಪೀರಿಯಡ್ ಪೂರ್ತಿ ಅದರ ವಾದದಲ್ಲೇ ಹೋಯಿತು. ಯಾರೂ ಪುಸ್ತಕ ಮುಟ್ಟಲಿಲ್ಲ. ಆದರೆ ಪುಸ್ತಕದ ಬಗ್ಗೆ ಜಗಳ ಆಡುವುದನ್ನು ಆ ಕ್ಲಾಸಿನಲ್ಲಿ ಅವತ್ತೇ ನೋಡಿದ್ದು.

ತೇಜಸ್ವಿಯವರ ‘ಕರ್ವಾಲೊ’ಗೆ ಇನ್ನೊಂದು ರೀತಿಯ ಓದುಗರು ಸಿಕ್ಕರು. 1980ರ ಕಾದಂಬರಿ. ಹಾರುವ ಓತಿಯನ್ನು ಹುಡುಕಿಕೊಂಡು ಕಾಡಿಗೆ ಹೋಗುವ ಕಥೆ ಅಂತ ಹೇಳಿ ಕೊಟ್ಟೆ. ಅವರು ಹಿಡಿದುಕೊಂಡದ್ದು ಓತಿಯನ್ನಲ್ಲ, ಮಂದಣ್ಣನನ್ನು. ಊರಿನವರ ಕಣ್ಣಿಗೆ ಪೆದ್ದ. ವಿಜ್ಞಾನಿಗೆ ಮಾತ್ರ ಅವನು ಹುಟ್ಟಾ ಜೀವಶಾಸ್ತ್ರಜ್ಞನ ಹಾಗೆ ಕಾಣುತ್ತಾನೆ. ಪ್ರತಿ ಟೆಸ್ಟಿನಲ್ಲೂ ಕೆಂಪು ಗೆರೆ ಎಳೆಸಿಕೊಳ್ಳುವ ಒಬ್ಬ ಹುಡುಗ ಅದನ್ನು ಎರಡು ಸಲ ತೆಗೆದುಕೊಂಡು ಹೋದ. ಯಾಕೆ ಅಂತ ನಾನು ಕೇಳಲಿಲ್ಲ.

ನಮ್ಮೂರ ಪುಸ್ತಕಗಳ ವಿಷಯದಲ್ಲಿ ನನಗೆ ಬೇರೆ ನಿರೀಕ್ಷೆ ಇತ್ತು. ದುರ್ಗದ ಮಕ್ಕಳು, ಕಾದಂಬರಿಕಾರ ತ.ರಾ.ಸು. ಅವರ ಜಿಲ್ಲೆ, ದುರ್ಗದ ಪತನದ ಕಥೆ ಹೇಳುವ ‘ದುರ್ಗಾಸ್ತಮಾನ’ ಕೊಟ್ಟರೆ ಕುಣಿಯುತ್ತಾರೆ ಅಂತ. ಅದರ ದಪ್ಪ ನೋಡಿಯೇ ಹಿಂದೆ ಸರಿದರು. ಅದಕ್ಕೆ 1985ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿದೆ ಅಂತ ಹೇಳಿದ್ದರಿಂದ ಇನ್ನಷ್ಟು ಸರಿದರು. ಪ್ರಶಸ್ತಿ ಅಂದರೆ ಅವರ ಪ್ರಕಾರ ಕ್ವಿಜ್ ಪ್ರಶ್ನೆ. ಕೊನೆಗೆ ಒಂದು ಭಾನುವಾರ ಬಂದವರನ್ನೆಲ್ಲ ಕರೆದುಕೊಂಡು ಕೋಟೆ ಹತ್ತಿದೆ. ಕೋಟೆ ಅವರಿಗೆ ಹೊಸದಲ್ಲ, ನೆಂಟರು ಬಂದಾಗೆಲ್ಲ ಹತ್ತಿ ಇಳಿದವರು. ಏಕನಾಥೇಶ್ವರಿ ಗುಡಿ ದಾಟಿ ಬಂಡೆಯ ನೆರಳಲ್ಲಿ ಕೂತು, 1779ರಲ್ಲಿ ಹೈದರಾಲಿಗೆ ಕೋಟೆ ಹೋದ ಭಾಗದಿಂದ ಕೆಲವು ಪುಟ ಮಾತ್ರ ಓದಿದೆ. ಪುಸ್ತಕದಲ್ಲಿ ಬರುವ ಬಾಗಿಲುಗಳು, ಬತೇರಿಗಳು ಕಣ್ಣೆದುರಿಗೇ ಇದ್ದವು. ಇಳಿಯುವಾಗ ‘ನಾಗರಹಾವು’ ಮಾತು ಬಂತು. 1972ರ ಆ ಸಿನಿಮಾ ಟಿವಿಯಲ್ಲಿ ಎಲ್ಲರೂ ನೋಡಿದ್ದಾರೆ, ರಾಮಾಚಾರಿ ಇಲ್ಲಿ ನಿಂತಿದ್ದ, ಅಲ್ಲಿ ಹಾಡಿದ್ದ ಅಂತ ತೋರಿಸುತ್ತಾರೆ. ಆ ರಾಮಾಚಾರಿಯನ್ನೂ ಬರೆದದ್ದು ಇದೇ ತ.ರಾ.ಸು. ಅಂದಾಗ ಒಬ್ಬ ನಂಬಲಿಲ್ಲ. ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಸೇರಿಸಿ ನಿರ್ದೇಶಕ ಪುಟ್ಟಣ್ಣ ಕಣಗಾಲ್ ಸಿನಿಮಾ ಮಾಡಿದ್ದು ಅಂತ ವಿವರಿಸಿದೆ. “ಹಂಗಾದ್ರೆ ಸಿನಿಮಾದಾಗೆ ಬಿಟ್ಟಿದ್ದು ಪುಸ್ತಕದಾಗೆ ಇರ್ತೈತಾ ಸಾರ್?” ಇರ್ತೈತೆ ಅಂದೆ. ‘ದುರ್ಗಾಸ್ತಮಾನ’ವನ್ನು ಪೂರ್ತಿ ಓದಿದವರು ಯಾರೂ ಇಲ್ಲ. ‘ನಾಗರಹಾವು’ ಕೈಯಿಂದ ಕೈಗೆ ಓಡಾಡುತ್ತಿದೆ.

ಚಳ್ಳಕೆರೆ ತಾಲ್ಲೂಕಿನ ಬೆಳಗೆರೆ ಕೃಷ್ಣಶಾಸ್ತ್ರಿಗಳ ‘ಯೇಗ್ದಾಗೆಲ್ಲಾ ಐತೆ’ ಕೂಡ ಒಯ್ದಿದ್ದೆ. ಮುಕುಂದೂರು ಸ್ವಾಮಿಗಳ ಮಾತುಕತೆ. ವಿಷಯ ಆಧ್ಯಾತ್ಮ, ಅದು ಈ ವಯಸ್ಸಿಗೆ ಅಷ್ಟಕ್ಕಷ್ಟೇ. ಆದರೆ ಮನೆಯಲ್ಲಿ ಅಜ್ಜ ಆಡುವ ಮಾತು ಅಚ್ಚಾಗಿರುವುದನ್ನು ನೋಡಿ ಬಿದ್ದು ಬಿದ್ದು ನಕ್ಕರು. “ಹಿಂಗೆ ಬರೆದ್ರೆ ನೀವು ಮಾರ್ಕ್ಸ್ ಕಟ್ ಮಾಡ್ತೀರಲ್ಲ ಸಾ?” ಅಂದರು. ಮಾಡ್ತೀನಿ. ಏನು ಹೇಳಲಿ?

ನವೆಂಬರ್ ಬಂತು. ರಾಜ್ಯೋತ್ಸವದ ತಿಂಗಳಲ್ಲಿ ಕನ್ನಡ ಪುಸ್ತಕಗಳಿಗೆ ರಿಯಾಯಿತಿ ಜಾಸ್ತಿ. ದಾವಣಗೆರೆಗೆ ಹೋಗಿ ಕೊಳ್ಳೋಣ ಅಂತ ನಿರ್ಧರಿಸಿದೆ. ಹೆಡ್ ಮಾಸ್ಟರ್ ಒಪ್ಪಿಗೆ, ಮನೆಯವರ ಸಹಿ ಎಲ್ಲ ಆದ ಮೇಲೆ, ಕೈ ಎತ್ತಿದವರಲ್ಲೇ ಕೆಲವರನ್ನು ಆರಿಸಿ ಒಂದು ಶನಿವಾರ ಬೆಳಗಿನ ಶಾಲೆ ಮುಗಿಸಿಕೊಂಡು ಬಸ್ ಹತ್ತಿದೆವು. ಜೊತೆಗೆ ನಮ್ಮ ಹಿಂದಿ ಮೇಡಂ ಬಂದರು. ಅರವತ್ತು ಕಿಲೋಮೀಟರ್ ದಾರಿ. ಹುಡುಗರು ಬಂದದ್ದು ಪುಸ್ತಕಕ್ಕಲ್ಲ, ಬೆಣ್ಣೆ ದೋಸೆಗೆ. ಅದನ್ನು ಅವರು ಮುಚ್ಚಿಡಲೂ ಇಲ್ಲ. ದೋಸೆ ಮೊದಲಾ, ಪುಸ್ತಕ ಮೊದಲಾ ಅಂತ ಚರ್ಚೆ ಆಗಿ ದೋಸೆ ಗೆದ್ದಿತು. ಕೈ ತೊಳೆದು ಬನ್ನಿ ಅಂತ ಎರಡು ಸಲ ಹೇಳಬೇಕಾಯಿತು, ಬೆಣ್ಣೆ ಕೈಯಲ್ಲಿ ಪುಸ್ತಕ ಹಿಡಿದರೆ ಅಂಗಡಿಯವರು ಬಿಡುತ್ತಾರಾ?

ಅಂಗಡಿಯಲ್ಲಿ ನಾನು ಒಂದು ಮೂಲೆಯಲ್ಲಿ ಸುಮ್ನೆ ನಿಂತು ನೋಡುತ್ತಿದ್ದೆ. ನಾವು ಪುಸ್ತಕ ನೋಡುವ ರೀತಿಯೇ ಬೇರೆ, ಅವರದ್ದೇ ಬೇರೆ. ನಾವು ಲೇಖಕರ ಹೆಸರು ನೋಡುತ್ತೇವೆ. ಅವರು ಮೊದಲು ಪುಸ್ತಕವನ್ನು ಪಕ್ಕದಿಂದ ನೋಡುತ್ತಾರೆ, ಎಷ್ಟು ದಪ್ಪ ಅಂತ. ಆಮೇಲೆ ಮಧ್ಯದಲ್ಲಿ ತೆಗೆಯುತ್ತಾರೆ. ಅಕ್ಷರ ಸಣ್ಣದಿದ್ದು ಪುಟ ಪೂರ್ತಿ ಒಂದೇ ಪ್ಯಾರಾ ಇದ್ದರೆ ಅಲ್ಲೇ ವಾಪಸ್. ಮಾತುಗಳ ಚಿಹ್ನೆ ಕಂಡರೆ ನಿಲ್ಲುತ್ತಾರೆ. ಮುನ್ನುಡಿಯನ್ನು ಯಾರೂ ಓದಲಿಲ್ಲ. ಒಬ್ಬ ನನ್ನ ಕಿವಿಯಲ್ಲಿ ಕೇಳಿದ, “ಇದ್ರಾಗೆ ಯಾರಾದ್ರೂ ಸಾಯ್ತಾರಾ ಸಾರ್?” ಸಾಯ್ತಾರೆ ಅಂದೆ. ತೆಗೆದಿಟ್ಟುಕೊಂಡ. ಮುಖಪುಟದಲ್ಲಿ ನಗುವ ಹುಡುಗ, ಗಿಣಿ ಇದ್ದ ಒಂದು ಪುಸ್ತಕವನ್ನು ಹಿಂದಿ ಮೇಡಂ ಪ್ರೀತಿಯಿಂದ ತೋರಿಸಿದರು. “ಅದು ಅಂಗನವಾಡಿಗೆ ಮೇಡಂ” ಅಂತ ಉತ್ತರ ಬಂತು.

ಅವರು ಆರಿಸಿದ್ದರಲ್ಲಿ ನನಗೆ ಹಿಡಿಸದ್ದೂ ಇದ್ದವು. ದಿನಕ್ಕಿಷ್ಟು ಗಂಟೆಗೆ ಎದ್ದು ಶ್ರೀಮಂತರಾಗುವುದು ಹೇಗೆ ಅನ್ನುವ ಜಾತಿಯ ಪುಸ್ತಕಗಳು. ಎರಡು ಕೊಂಡೆ. ಆರಿಸೋಕೆ ಕರೆದುಕೊಂಡು ಬಂದು ಬೇಡ ಅಂದರೆ ಏನು ಚೆಂದ? ಅವು ಬಿಸಿ ಬಿಸಿಯಾಗಿ ಹೋದವು, ಬೇಗ ಮರಳಿ ಬಂದವು, ಮತ್ತೆ ಯಾರೂ ಕೇಳಿಲ್ಲ. ನಿಧಿಯ ಚೀಟಿ ಬರೆದವನಿಗೆ ಕೆ.ಎನ್. ಗಣೇಶಯ್ಯನವರ ‘ಕರಿಸಿರಿಯಾನ’ ತೋರಿಸಿದೆ. ವಿಜಯನಗರದ ಸಂಪತ್ತು ಎಲ್ಲಿ ಹೋಯಿತು ಅಂತ ಹುಡುಕುವ ರೋಚಕ ಕಾದಂಬರಿ. ಲೇಖಕರು ಕೃಷಿ ವಿಜ್ಞಾನಿ. ಕಥೆಯ ಜೊತೆಗೇ ಇತಿಹಾಸದ ಆಧಾರ ಕೊಡುವುದು ಅವರ ಪದ್ಧತಿ. ಹಂಪಿ ನಮಗೆ ದೂರವೂ ಅಲ್ಲ. ಆ ಹುಡುಗ ಈಗ ಎಲ್ಲಿ ಕಲ್ಲಿನ ಮೇಲೆ ಕೆತ್ತನೆ ಕಂಡರೂ ಫೋಟೋ ತೆಗೆದು ನನಗೆ ವಾಟ್ಸಾಪ್ ಮಾಡುತ್ತಾನೆ. ನನಗೆ ಶಾಸನ ಓದಲು ಬರುತ್ತೆ ಅಂತ ಅವನ ನಂಬಿಕೆ.

ನಗಿಸುವ ಪುಸ್ತಕ ಬೇಕು ಅಂದವರಿಗೆ ಬೀಚಿ. ಹರಪನಹಳ್ಳಿಯಲ್ಲಿ ಹುಟ್ಟಿದವರು, ಆ ತಾಲ್ಲೂಕು ಮೊನ್ನೆ ಮೊನ್ನೆಯವರೆಗೆ ದಾವಣಗೆರೆ ಜಿಲ್ಲೆಯಲ್ಲೇ ಇತ್ತು. ‘ತಿಂಮನ ತಲೆ’ಯನ್ನು ಎಲ್ಲಿ ತೆಗೆದರೂ ಓದಬಹುದು. ಐದು ನಿಮಿಷಕ್ಕೆ ಮುಗಿಯುವ ಓದು ಈ ಮಕ್ಕಳಿಗೆ ಬಹಳ ಮುಖ್ಯ. ರೀಲ್ಸ್ ನೋಡಿ ರೂಢಿಯಾದ ಕಣ್ಣಿಗೆ ಮೊದಲ ದಿನವೇ ಇನ್ನೂರು ಪುಟ ಹೇಗೆ ಸಾಗುತ್ತೆ? ‘ಪ್ರತಿಲಿಪಿ’ ಹುಡುಗಿಗೆ ತ್ರಿವೇಣಿಯವರ ‘ಬೆಕ್ಕಿನ ಕಣ್ಣು’ ಹಿಡಿಸಿತು. 1963ರಲ್ಲಿ, ಮೂವತ್ತೈದು ತುಂಬುವ ಮೊದಲೇ ತೀರಿಹೋದ ಲೇಖಕಿ ಅಂತ ಹೇಳಿದ್ದು ಅವಳನ್ನು ಪುಸ್ತಕಕ್ಕಿಂತ ಜಾಸ್ತಿ ಕಾಡಿತು. ವಸುಧೇಂದ್ರರ ‘ನಮ್ಮಮ್ಮ ಅಂದ್ರೆ ನಂಗಿಷ್ಟ’ವನ್ನು ಹುಡುಗಿಯರಿಗೆ ಅಂತ ತಂದರೆ ಹುಡುಗರೇ ಹೆಚ್ಚು ಒಯ್ದರು. ಬೇರೆ ಪುಸ್ತಕದ ನಡುವೆ ಇಟ್ಟು ಒಯ್ಯುತ್ತಿದ್ದರು, ಯಾರಿಗೂ ಕಾಣದ ಹಾಗೆ.

ಕಬಡ್ಡಿ ಹುಡುಗನಿಗೆ ಏನೂ ಸಿಗಲಿಲ್ಲ. ಕನ್ನಡದಲ್ಲಿ ಆಟದ ಬಗ್ಗೆ, ಆಟಗಾರರ ಬಗ್ಗೆ ಈ ವಯಸ್ಸಿನವರು ಎತ್ತಿಕೊಳ್ಳುವಂಥ ಪುಸ್ತಕ ಹುಡುಕಿ ಸುಸ್ತಾದೆ. ಸದ್ಯಕ್ಕೆ ಪೇಪರಿನ ಕ್ರೀಡಾ ಪುಟ ಕತ್ತರಿಸಿ ಫೈಲ್ ಮಾಡುವ ಕೆಲಸ ಅವನಿಗೇ ಕೊಟ್ಟಿದ್ದೇನೆ. ಕತ್ತರಿಸುವ ಮೊದಲು ಓದಲೇಬೇಕಲ್ಲ. ಪುಷ್ಪಕ್ ಸುದ್ದಿಯನ್ನೂ ಅದೇ ಫೈಲಿಗೆ ಹಾಕಿದ್ದಾನೆ, ಅದೂ ಆಟವೇ ಅನ್ನುವ ಹಾಗೆ.

ಇನ್ನು ಕೆಲವರು ಬೇರೆ. ಅವರಿಗೆ ಪುಸ್ತಕ ಇಷ್ಟ ಇಲ್ಲ ಅನ್ನುವುದು ನೆಪ. ಒತ್ತಕ್ಷರ ಬಂದರೆ ನಾಲಿಗೆ ತಡವರಿಸುತ್ತೆ, ಪಕ್ಕದವನು ನಗುತ್ತಾನೆ, ಅದಕ್ಕೆ “ಬೋರ್ ಸಾರ್” ಅನ್ನುತ್ತಾರೆ. ಕೊರೊನಾ ಕಾಲದಲ್ಲಿ ಶಾಲೆ ಮುಚ್ಚಿದಾಗ ಇವರು ಚಿಕ್ಕ ಕ್ಲಾಸುಗಳಲ್ಲಿದ್ದರು. ಇವರಿಗೆ ರೋಚಕ ಕಾದಂಬರಿ ಕೊಟ್ಟು ಏನು ಮಾಡೋದು? ಸರಳವಾದದ್ದೇ ಬೇಕು, ಆದರೆ ಸರಳ ಅಂತ ಕಾಣಬಾರದು. ಪ್ರಥಮ್ ಬುಕ್ಸ್‌ನವರ ‘ಸ್ಟೋರಿವೀವರ್’ ಜಾಲತಾಣದಲ್ಲಿ ಓದಿನ ಹಂತದ ಪ್ರಕಾರ ಕನ್ನಡ ಕಥೆಗಳಿವೆ, ದುಡ್ಡಿಲ್ಲದೆ ಇಳಿಸಿಕೊಂಡು ಪ್ರಿಂಟ್ ಹಾಕಬಹುದು. ಅವನ್ನು ಪ್ರಿಂಟ್ ಮಾಡಿ ಪಕ್ಕದ ಪ್ರೈಮರಿ ಶಾಲೆಯ ಎರಡನೇ ಕ್ಲಾಸಿಗೆ ಕಥೆ ಓದಿ ಹೇಳುವ ಡ್ಯೂಟಿ ಇವರಿಗೆ ಹಾಕಿದೆ. ಈಗ ಅದು ಚಿಕ್ಕವರ ಪುಸ್ತಕ ಅಂತ ಯಾರೂ ನಗುವ ಹಾಗಿಲ್ಲ. ತಪ್ಪಿಲ್ಲದೆ ಓದಬೇಕು ಅಂತ ಹಿಂದಿನ ದಿನ ಮನೆಯಲ್ಲಿ ನಾಲ್ಕೈದು ಸಲ ಓದಿಕೊಂಡು ಬರುತ್ತಾರೆ. ಎರಡನೇ ಕ್ಲಾಸಿನ ಮಕ್ಕಳು “ಅಣ್ಣಾ, ಇನ್ನೊಂದು” ಅಂತ ಅಂಗಿ ಹಿಡಿದು ಜಗ್ಗುತ್ತವೆ. ನಾನು ಕೊಟ್ಟ ಯಾವ ಶಹಬ್ಬಾಸ್‌ಗೂ ಆ ಬೆಲೆ ಇಲ್ಲ.

ಬೀರಿನ ಬೀಗ ಈಗ ತೆಗೆದೇ ಇರುತ್ತೆ. ಬಾಗಿಲ ಒಳಗೆ ಒಂದು ಹಾಳೆ ಅಂಟಿಸಿದ್ದೇನೆ. ಫ್ರಾನ್ಸಿನ ಲೇಖಕ ಡೇನಿಯಲ್ ಪೆನಾಕ್ ಮೇಷ್ಟ್ರಾಗಿದ್ದವರು, 1992ರಲ್ಲಿ ಓದುಗನಿಗೆ ಹತ್ತು ಹಕ್ಕು ಅಂತ ಪಟ್ಟಿ ಮಾಡಿದರು. ಮೊದಲನೆಯದು ಓದದೇ ಇರುವ ಹಕ್ಕು. ಆಮೇಲೆ ಪುಟ ಹಾರಿಸುವ ಹಕ್ಕು, ಅರ್ಧಕ್ಕೆ ಬಿಡುವ ಹಕ್ಕು. ಈ ಮೂರನ್ನೇ ದೊಡ್ಡದಾಗಿ ಬರೆದಿದ್ದೇನೆ. ಪುಸ್ತಕ ವಾಪಸ್ ಕೊಡುವಾಗ ಸಾರಾಂಶ ಬರೆಯಬೇಕಿಲ್ಲ, ನೀತಿ ಹೇಳಬೇಕಿಲ್ಲ. ಎಷ್ಟನೇ ಪುಟಕ್ಕೆ ಬಿಟ್ಟೆ ಅಂತ ಮಾತ್ರ ರಿಜಿಸ್ಟರಿನಲ್ಲಿ ಬರೆಯಬೇಕು. ಆ ರಿಜಿಸ್ಟರೇ ಈಗ ನನಗೆ ಪುಸ್ತಕ ವಿಮರ್ಶೆ. ಎಲ್ಲರೂ ಮೂರನೇ ಪುಟಕ್ಕೆ ಬಿಟ್ಟ ಪುಸ್ತಕದ ಎರಡನೇ ಪ್ರತಿ ಕೊಳ್ಳುವುದಿಲ್ಲ.

ಪೋಷಕರ ಸಭೆಯಲ್ಲಿ ಒಬ್ಬರು ಕೇಳಿದರು, “ಮುಂದಿನ ವರ್ಷ ಎಸ್ಸೆಸ್ಸೆಲ್ಸಿ. ಈಗ ಕಥೆ ಪುಸ್ತಕ ಯಾಕ್ ಬೇಕ್ರೀ ಮೇಷ್ಟ್ರೆ?” ಕನ್ನಡ ಪೇಪರಿನಲ್ಲಿ ಪಾಠದಲ್ಲಿಲ್ಲದ ಗದ್ಯ ಕೊಟ್ಟು ಪ್ರಶ್ನೆ ಕೇಳುತ್ತಾರೆ, ಅದಕ್ಕೆ ಅಭ್ಯಾಸ ಅಂತ ಹೇಳಿದೆ. ಅವರು ತಲೆಯಾಡಿಸಿದರು. ಮಾರ್ಕ್ಸ್ ಹೆಸರು ಹೇಳದೆ ಈ ಕೆಲಸ ನಡೆಯಲ್ಲ, ನಡೆಯೋ ದಾರಿ ಇದ್ದರೆ ಯಾರಾದರೂ ತಿಳಿಸಿ.

ದೆವ್ವದ ಚೀಟಿ ಮಾತ್ರ ಇನ್ನೂ ಬಾಕಿ. ಯಾರದೋ ಮನೆಯಿಂದ ಯಂಡಮೂರಿ ವೀರೇಂದ್ರನಾಥರ ‘ತುಳಸಿದಳ’ದ ಕನ್ನಡ ಅನುವಾದ ತಂದು ನನ್ನ ಕೈಗಿಟ್ಟಿದ್ದಾರೆ, ಹಾಳೆ ಹಳದಿಯಾದ ಪ್ರತಿ. ಇದನ್ನು ಬೀರಿಗೆ ಹಾಕಿ ಅಂತ ಒತ್ತಾಯ. ಚಿಕ್ಕ ಹುಡುಗಿಯ ಮೇಲೆ ಮಾಟ ಮಾಡಿಸುವ ಕಥೆ. ಹೆಡ್ ಮಾಸ್ಟರ್ ಬೇಡ ಅನ್ನುತ್ತಾರೆ. ನಾನು ಓದದ ಪುಸ್ತಕ ಬೀರಿಗೆ ಹೋಗಲ್ಲ, ಓದದೆ ಬೇಡ ಅನ್ನುವುದೂ ಇಲ್ಲ ಅಂತ ಇಬ್ಬರಿಗೂ ಹೇಳಿ ಮನೆಗೆ ತಂದಿದ್ದೇನೆ. ಅರ್ಧ ಆಗಿದೆ. ರಾತ್ರಿ ಒಬ್ಬರೇ ಇದ್ದಾಗ ಓದಬೇಡಿ ಸಾರ್ ಅಂತ ಹುಡುಗರು ಮೊದಲೇ ಎಚ್ಚರಿಸಿದ್ದರು. ಎಷ್ಟನೇ ಪುಟಕ್ಕೆ ಬಂದ್ರಿ ಅಂತ ದಿನಾ ಬೆಳಿಗ್ಗೆ ಗೇಟಿನ ಹತ್ತಿರವೇ ಕೇಳುತ್ತಾರೆ.